ಹಾಡು ಉಳಿಯಿತು, ನೆಮ್ಮದಿ ಉಳಿಯಲಿಲ್ಲ

‘ಥ್ರಿಲ್ಲರ್’ ತಟ್ಟೆಯ ಎರಡನೇ ಮಗ್ಗುಲು, ಎರಡನೇ ಹಾಡು. ಮುಳ್ಳು ಇಳಿಸಿದೊಡನೆ ಬರೀ ಡ್ರಮ್ಮು, ಬೆನ್ನಿಗೇ ಬೇಸ್ ಗಿಟಾರು. ‘ಬಿಲ್ಲಿ ಜೀನ್’ನಲ್ಲಿ ಮೈಕಲ್ ಜಾಕ್ಸನ್ ಬಾಯಿ ತೆರೆಯುವ ಹೊತ್ತಿಗೆ ಹತ್ತಿರಹತ್ತಿರ ಅರ್ಧ ನಿಮಿಷ ಕಳೆದಿರುತ್ತದೆ. ಪೀಠಿಕೆ ಉದ್ದವಾಯಿತು, ಕತ್ತರಿಸೋಣ ಎಂದರಂತೆ ನಿರ್ಮಾಪಕ ಕ್ವಿನ್ಸಿ ಜೋನ್ಸ್. ನನಗೆ ಕುಣಿಯಬೇಕೆನಿಸುವುದೇ ಅದನ್ನು ಕೇಳಿದಾಗ ಎಂದು ಜಾಕ್ಸನ್ ಪಟ್ಟು ಬಿಡಲಿಲ್ಲ. ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಡ್ರಮ್ಮಿಗೆ ಹೊದಿಕೆ ಮಾಡಿಸಿ, ಅದರ ಕಿಂಡಿಯಲ್ಲಿ ಮೈಕು ತೂರಿಸಿದರು. 91 ಸಲ ಮಿಕ್ಸ್ ಮಾಡಿ, ಕೊನೆಗೆ ಎರಡನೆಯದನ್ನೇ ಆರಿಸಿಕೊಂಡರು. 1982ರ ಆ ಸದ್ದು ಇಂದಿಗೂ ಮಾಸಿಲ್ಲ.

ಆದರೆ ಈಗ ಆ ಅರ್ಧ ನಿಮಿಷದಲ್ಲಿ ನನಗೆ ಇನ್ನೂ ಏನೋ ಕೇಳಿಸುತ್ತದೆ.

2005ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಬಾಲಕನೊಬ್ಬನ ಮೇಲಿನ ಲೈಂಗಿಕ ದೌರ್ಜನ್ಯದ ಮೊಕದ್ದಮೆಯಲ್ಲಿ ಜಾಕ್ಸನ್ ನಿರ್ದೋಷಿ ಎಂದಿತು. 2009ರಲ್ಲಿ ಅವರು ತೀರಿಕೊಂಡರು. 2019ರ ‘ಲೀವಿಂಗ್ ನೆವರ್‌ಲ್ಯಾಂಡ್’ ಸಾಕ್ಷ್ಯಚಿತ್ರದಲ್ಲಿ ಇಬ್ಬರು ಗಂಡಸರು, ಚಿಕ್ಕವರಾಗಿದ್ದಾಗ ತಮ್ಮ ಮೇಲೆ ನಡೆಯಿತೆನ್ನುವ ದೌರ್ಜನ್ಯವನ್ನು ಹೇಳಿಕೊಂಡರು. ಅವರಲ್ಲೊಬ್ಬರು 2005ರಲ್ಲಿ ಜಾಕ್ಸನ್ ಪರವಾಗಿಯೇ ಸಾಕ್ಷಿ ನುಡಿದಿದ್ದವರು. ಜಾಕ್ಸನ್ ಬದುಕಿದ್ದಷ್ಟು ಕಾಲ ಇಂಥ ಆರೋಪಗಳನ್ನು ಅಲ್ಲಗಳೆದರು; ಅವರ ಆಸ್ತಿಯ ವಾರಸುದಾರರು ಈಗಲೂ ಅಲ್ಲಗಳೆಯುತ್ತಾರೆ. ತೀರ್ಪು ಕೊಡಲು ನಾನು ನ್ಯಾಯಾಧೀಶನಲ್ಲ. ಆದರೂ ಆ ಇಬ್ಬರ ಮಾತನ್ನು ಸುಳ್ಳೆಂದು ತಳ್ಳಿಹಾಕಲು ನನ್ನಿಂದ ಆಗಲಿಲ್ಲ.

ಕಲೆಯೇ ಬೇರೆ, ಕಲಾವಿದನೇ ಬೇರೆ ಎನ್ನುವವರಿದ್ದಾರೆ. ಜಾಕ್ಸನ್ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ. ಕಳೆದುಹೋದ ತಮ್ಮ ಬಾಲ್ಯದ ಬಗ್ಗೆ 1995ರಲ್ಲಿ ‘ಚೈಲ್ಡ್‌ಹುಡ್’ ಎಂಬ ಹಾಡನ್ನೇ ಬರೆದವರು ಅವರು. ಒಂದು ಕಾಲಕ್ಕೆ ನನ್ನ ಕಣ್ಣು ತೇವಗೊಳಿಸುತ್ತಿದ್ದ ಹಾಡು. ಈಗ ಅದನ್ನು ಕೇಳಲಾರೆ. ‘ಬಿಲ್ಲಿ ಜೀನ್’ ಕೇಳುತ್ತೇನೆ. ಅದರಲ್ಲಿ ಲೂಯಿಸ್ ಜಾನ್ಸನ್ನರ ಬೇಸ್ ಇದೆ, ಎನ್ಡುಗು ಚಾನ್ಸ್ಲರ್ ಅವರ ಡ್ರಮ್ಮಿದೆ. ಒಬ್ಬನ ಮೇಲಿನ ಆರೋಪಕ್ಕೆ ಅವರ ದುಡಿಮೆಯನ್ನೂ ಹೂಳುವುದು ಅನ್ಯಾಯ. ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಅವರನ್ನು ‘ಭಾರತದ ಮೈಕಲ್ ಜಾಕ್ಸನ್’ ಎಂದು ಕರೆದ ನಮಗೆ ಜಾಕ್ಸನ್ನರ ಕುಣಿತವನ್ನು ನೆನಪಿನಿಂದ ಅಳಿಸಲೂ ಆಗದು.

ಕೇಳಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು, ಸುಮಾರು ನಾಲ್ಕು ಗಂಟೆಯ ಆ ಸಾಕ್ಷ್ಯಚಿತ್ರವನ್ನು ಒಮ್ಮೆ ಪೂರ್ತಿ ನೋಡಿ.