ಬೀಸದ ಬಿರುಗಾಳಿ

ಮಾರ್ಕ್ವೆಜ್ ಎಂದರೆ ನಮ್ಮಲ್ಲಿ ಮಾಂತ್ರಿಕ ವಾಸ್ತವದ ಮಾತೇ ಹೆಚ್ಚು. ಆ ದೊಡ್ಡ ಕಾದಂಬರಿಕಾರನಿಗಿಂತ, ಬೊಗೋಟಾದ ‘ಎಲ್ ಎಸ್ಪೆಕ್ಟಡೋರ್’ ಪತ್ರಿಕೆಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ 28ರ ವರದಿಗಾರ ನನಗೆ ಹೆಚ್ಚು ಹತ್ತಿರದವನು.

1955ರ ಫೆಬ್ರವರಿ 28ರಂದು ಕೊಲಂಬಿಯಾ ನೌಕಾಪಡೆಯ ‘ಕಾಲ್ಡಾಸ್’ ಹಡಗಿನಿಂದ ಎಂಟು ಮಂದಿ ಸಮುದ್ರಕ್ಕೆ ಬಿದ್ದರು. ಬಿರುಗಾಳಿ ಕಾರಣ ಎಂದಿತು ಸರ್ಕಾರ. ತೆಪ್ಪದ ಮೇಲೆ ಹತ್ತು ದಿನ ತೇಲಿ ಬದುಕಿ ಬಂದವನು ಲೂಯಿಸ್ ಅಲೆಹಾಂಡ್ರೊ ವೆಲಾಸ್ಕೊ ಒಬ್ಬನೇ. ಮೆರವಣಿಗೆ, ಭಾಷಣ, ಕೈಗಡಿಯಾರದ ಜಾಹೀರಾತು ಎಲ್ಲ ಮುಗಿದ ಮೇಲೆ ಅವನು ತನ್ನ ಕಥೆ ಮಾರಲು ಪತ್ರಿಕೆಯ ಕಚೇರಿಗೆ ಬಂದ. ಅಷ್ಟರಲ್ಲಿ ಅದು ಹಳಸಿದ ಸುದ್ದಿ.

ಮಾರ್ಕ್ವೆಜ್ ಅವನ ಜೊತೆ ದಿನಕ್ಕೆ ಆರು ಗಂಟೆಯಂತೆ ಇಪ್ಪತ್ತು ಸಲ ಕೂತ. ನಡುವೆ ಸಿಕ್ಕಿಸುವ ಪ್ರಶ್ನೆ ಹಾಕಿ, ಮಾತಿಗೆ ಮಾತು ತಾಳೆಯಾಗುತ್ತದೆಯೇ ಎಂದು ನೋಡಿದ. ಬಿರುಗಾಳಿ ಹೇಗಿತ್ತು ಎಂದು ಕೇಳಿದಾಗ ನಾವಿಕ ನಕ್ಕು, ಬಿರುಗಾಳಿ ಇರಲೇ ಇಲ್ಲ ಎಂದುಬಿಟ್ಟ! ಡೆಕ್ಕಿನ ಮೇಲಿದ್ದದ್ದು ಕಳ್ಳಸಾಗಣೆಯ ಫ್ರಿಜ್ಜು, ಟಿವಿ, ವಾಷಿಂಗ್ ಮಷೀನುಗಳು. ಹಡಗು ಹೊಯ್ದಾಡಿದಾಗ ಸರಕು ಜಾರಿ ಜನರನ್ನೂ ಎಳೆದುಕೊಂಡು ಹೋಯಿತು. ಭಾರ ಮೀರಿದ್ದರಿಂದ ಅವರನ್ನು ಎತ್ತಿಕೊಳ್ಳಲು ಹಡಗನ್ನು ತಿರುಗಿಸಲೂ ಆಗಲಿಲ್ಲ. (ನಮ್ಮ ಐಟಿಯಲ್ಲೂ ಸರ್ವರ್ ಬಿದ್ದಾಗ ಮೊದಲು ಬರುವ ಉತ್ತರ ‘ನೆಟ್‌ವರ್ಕ್ ಸಮಸ್ಯೆ’. ಅದನ್ನು ನಂಬದೆ ಇನ್ನೂ ಐದು ಪ್ರಶ್ನೆ ಕೇಳುವ ಹುಡುಗರು ಅಪರೂಪ.)

ಹದಿನಾಲ್ಕು ಕಂತುಗಳ ಬರವಣಿಗೆ ತೀರಾ ಸರಳ. ಸಂಜೆ ಐದಕ್ಕೆ ಸರಿಯಾಗಿ ಶಾರ್ಕ್‌ಗಳು ಬರುತ್ತವೆ. ಇವನು ಕೊಂದ ಕಡಲಹಕ್ಕಿಯನ್ನು ಹಸಿವಿದ್ದರೂ ತಿನ್ನಲಾರ. ಎಲ್ಲೂ ಉದ್ಗಾರವಿಲ್ಲ, ಕಣ್ಣೀರಿಲ್ಲ. ಕಳ್ಳಮಾಲಿನ ವಿಷಯವೂ ಅದೇ ತಣ್ಣನೆಯ ದನಿಯಲ್ಲಿ ಬಂದು ಹೋಗುತ್ತದೆ, ಅದಕ್ಕೇ ಅಷ್ಟು ಚುಚ್ಚುತ್ತದೆ.

ನನ್ನ ತಕರಾರು ಒಂದಿದೆ. ಕಂತುಗಳು ‘ನಾನು’ ಎಂದು ನಾವಿಕನ ಸಹಿಯಲ್ಲೇ ಬಂದವು, ವರದಿಗಾರನ ಹೆಸರಿಲ್ಲ. ವಿನಯ ಸರಿ, ಆದರೆ ನಾವಿಕನ ಮಾತು ಎಲ್ಲಿ ಮುಗಿದು ಬರಹಗಾರನ ಕಸುಬು ಎಲ್ಲಿ ಶುರುವಾಯಿತು ಎಂದು ಓದುಗನಿಗೆ ಗೊತ್ತಾಗುವುದಿಲ್ಲ. ಪತ್ರಿಕೆಗೂ ಇದರ ಅರಿವು ಇದ್ದಿರಬೇಕು. ಸರ್ಕಾರ ಅಲ್ಲಗಳೆದಾಗ ಅದು ‘ನಮ್ಮ ನಾವಿಕ ಹೇಳಿದ್ದಾನೆ’ ಎಂದು ಸುಮ್ಮನಾಗಲಿಲ್ಲ. ಬೇರೆ ನಾವಿಕರು ಹಡಗಿನಲ್ಲಿ ತೆಗೆದಿದ್ದ ಫೋಟೋಗಳನ್ನು ಹುಡುಕಿ ಅಚ್ಚು ಹಾಕಿತು. ಗೆಳೆಯರ ಗುಂಪಿನ ಹಿಂದೆ ಪೆಟ್ಟಿಗೆಗಳು, ಅವುಗಳ ಮೇಲೆ ಕಾರ್ಖಾನೆಯ ಹೆಸರು.

ಮಾತು ಬದಲಿಸದ ವೆಲಾಸ್ಕೊ ನೌಕಾಪಡೆ ಬಿಡಬೇಕಾಯಿತು. ಕೆಲವು ತಿಂಗಳಲ್ಲಿ ಸರ್ವಾಧಿಕಾರಿ ರೋಹಾಸ್ ಪಿನಿಲ್ಲಾನ ಆಡಳಿತದಲ್ಲಿ ಪತ್ರಿಕೆ ಮುಚ್ಚಿತು, ಮಾರ್ಕ್ವೆಜ್ ಪ್ಯಾರಿಸ್ಸಿನಲ್ಲಿ ಕೆಲಸವಿಲ್ಲದೆ ಉಳಿದ. 1970ರಲ್ಲಿ ಅದು ಪುಸ್ತಕವಾದಾಗ ಮುಖಪುಟಕ್ಕೆ ಅವನ ಹೆಸರು ಬಂತು, ಗೌರವಧನವನ್ನು ನಾವಿಕನಿಗೆ ಬಿಟ್ಟುಕೊಟ್ಟ. ಮುಂದೆ ಹಕ್ಕಿಗಾಗಿ ನಾವಿಕನೇ ಕೋರ್ಟಿಗೆ ಹೋಗಿ ಸೋತ.