ಇಲ್ಲ ಅಂದ್ರೆ ಯಾಕಿಲ್ಲ ಅಂತ ಹೇಳಿ

"ನೀನು ಕಂಪ್ಯೂಟರ್ ಓದಿರೋನಲ್ವೇನಪ್ಪ, ನನ್ನ ಹೆಸರು ಯಾಕೆ ಬಂದಿಲ್ಲ ಅಂತ ಒಸಿ ನೋಡು."

ಊರಿಗೆ ಹೋದಾಗಲೆಲ್ಲ ಎದುರುಮನೆ ದೊಡ್ಡಮ್ಮ ನನ್ನನ್ನು ಕೇಳೋದು ಇದೊಂದೇ. ಅವರದು ಮಣ್ಣಿನ ಗೋಡೆ, ಮೇಲೆ ಶೀಟು, ಮಳೆಗಾಲ ಬಂದರೆ ಶೀಟಿನ ಮೇಲೊಂದು ಟಾರ್ಪಾಲು. ಮನೆಗಾಗಿ ಪಂಚಾಯ್ತಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಅಲ್ಲಿ ಸಿಗೋ ಉತ್ತರ ಮಾತ್ರ ಬದಲಾಗಿಲ್ಲ: "ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರು ಬಂದಿಲ್ಲಮ್ಮ."

ಪಂಚಾಯ್ತಿ ಮನೆ ಹಂಚಿಕೆ ಬಗ್ಗೆ ದೂರಿಲ್ಲದ ಊರು ನಾನಂತೂ ನೋಡಿಲ್ಲ. ಮೆಂಬರ್ ತನ್ನ ಭಾಮೈದನಿಗೆ ಹಾಕಿಸಿಕೊಟ್ಟ, ಜಿಪಿಎಸ್ ಮಾಡೋಕೂ ದುಡ್ಡು ಕೇಳಿದ್ರು, ಟ್ರ್ಯಾಕ್ಟರ್ ಇರೋರಿಗೆ ಮನೆ ಬಂತು, ಕೂಲಿಯವರಿಗೆ ಬರಲಿಲ್ಲ. ಬೆಂಗಳೂರಲ್ಲಿ ಕೂತ ನಮ್ಮಂಥವರು ಇದಕ್ಕೆ ಎರಡೇ ಥರ ಪ್ರತಿಕ್ರಿಯೆ ಕೊಡ್ತೀವಿ. ಒಂದು, "ಎಲ್ಲರಿಗೂ ಬಿಟ್ಟಿ ಬೇಕು". ಇನ್ನೊಂದು, "ಎಲ್ಲಾ ಆನ್‌ಲೈನ್ ಮಾಡಿಬಿಟ್ರೆ ಸರಿಹೋಗುತ್ತೆ". ನಾನು ಬಹಳ ವರ್ಷ ಎರಡನೇ ಪಾರ್ಟಿಯಲ್ಲಿದ್ದೆ. ಕೋಡ್ ಬರೆದು ಅನ್ನ ತಿನ್ನೋನು, ಅದು ಸಹಜವೇ.

ಆನ್‌ಲೈನ್ ಆಗಿದೆಯಲ್ಲ, ಏನಾಯ್ತು ನೋಡೋಣ. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಯೋಜನೆ-ಗ್ರಾಮೀಣ ಬಂತು. ಬಯಲುಸೀಮೆಯಲ್ಲಿ ಮನೆಗೆ 1.20 ಲಕ್ಷ. ಫಲಾನುಭವಿ ಯಾರು ಅನ್ನೋದನ್ನ 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯ ಡೇಟಾದಿಂದ ತೆಗೆದರು. ಮೊದಲು ಮನೆಯೇ ಇಲ್ಲದವರನ್ನೂ ಕಚ್ಚಾ ಮನೆಯವರನ್ನೂ ಆರಿಸು. ಆಮೇಲೆ 13 ಷರತ್ತು ಹಾಕಿ ಸೋಸು. ಬೈಕ್ ಇದೆಯಾ, ತೆಗಿ. ಫ್ರಿಜ್ ಇದೆಯಾ, ತೆಗಿ. ಲ್ಯಾಂಡ್‌ಲೈನ್ ಫೋನ್ ಇದೆಯಾ, ತೆಗಿ. ಉಳಿದವರಿಗೆ ಆದ್ಯತೆಯ ಪಟ್ಟಿ. ಶುದ್ಧ ಇಫ್-ಎಲ್ಸ್. ಮೆಂಬರ್ ಕೈ ಹಾಕೋಕೆ ಇಲ್ಲಿ ಜಾಗ ಕಡಿಮೆ, ಅದು ನಿಜ.

ದೊಡ್ಡಮ್ಮನ ಮಗನ ಹತ್ತಿರ ಒಂದು ಹಳೇ ಮೊಪೆಡ್ ಇತ್ತು. ಬೆಳಗಿನ ಜಾವ ಸೊಪ್ಪಿನ ಮೂಟೆ ಹೇರಿಕೊಂಡು ಸಂತೆಗೆ ಹೋಗೋಕೆ. ಬಹುಶಃ ಅದೇ ಅವರನ್ನ ಪಟ್ಟಿಯಿಂದ ಆಚೆ ಹಾಕಿದ್ದು. 'ಬಹುಶಃ' ಅಂತ ಯಾಕೆ ಅಂದೆ ಅಂದ್ರೆ, ಇದು ನನ್ನ ಊಹೆ. ಪಂಚಾಯ್ತಿಯಲ್ಲಿ ಯಾರೂ ಅವರಿಗೆ ಕಾರಣ ಹೇಳಿಲ್ಲ. 2024ರಲ್ಲಿ ಸರ್ಕಾರವೇ ದ್ವಿಚಕ್ರ ವಾಹನ, ಫ್ರಿಜ್, ಲ್ಯಾಂಡ್‌ಲೈನ್ ಷರತ್ತುಗಳನ್ನ ಕೈಬಿಟ್ಟಿತು. ಅಂದ್ರೆ ಇಷ್ಟು ವರ್ಷ ಆ ರೂಲ್ ತಪ್ಪಿತ್ತು ಅಂತ ಒಪ್ಪಿಕೊಂಡ ಹಾಗೇ. ಆದರೆ ಅದೇ ಕಾರಣಕ್ಕೆ ನಿಮ್ಮ ಹೆಸರು ಹೋಗಿತ್ತು ಅಂತ ಯಾರೂ ಅವರ ಬಾಗಿಲಿಗೆ ಬಂದು ಹೇಳಲಿಲ್ಲ.

ಈ ಸಿಟ್ಟಿನಲ್ಲೇ ಒಂದ್ಸಲ ಊಟಕ್ಕೆ ಕೂತಾಗ ಅಪ್ಪನ ಮುಂದೆ ದೊಡ್ಡ ಭಾಷಣ ಬಿಗಿದೆ. ಹಂಚಿಕೆ ಅಂದ್ರೆ ನ್ಯಾಯ ಇರಬೇಕು, ಹಾಗೆ ಹೀಗೆ. ಅಪ್ಪ ತಟ್ಟೆ ನೋಡ್ತಾನೇ ಹೇಳಿದರು: "ನಮ್ಮನೇನೂ ಹಂಗೇ ಬಂದಿದ್ದು ಕಣೋ."

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮಗೆ ಆಶ್ರಯ ಮನೆ ಆಯ್ತು. ಅದಕ್ಕೆ ಮುಂಚೆಯೂ ನಮ್ಮದು ಹೆಂಚಿನ ಮನೆ, ಸೋರುತ್ತಿತ್ತು ನಿಜ, ಆದರೆ ನಿಂತಿತ್ತು. ದೊಡ್ಡಮ್ಮನದು ಆಗ ಗುಡಿಸಲು. ಅಪ್ಪ ಎಲೆಕ್ಷನ್‌ನಲ್ಲಿ ಮೆಂಬರ್ ಪರ ಓಡಾಡಿದ್ದರು. ಗ್ರಾಮಸಭೆ ಅಂತ ಆಗಿದ್ದು ಏನಪ್ಪಾ ಅಂದ್ರೆ, ಒಂದು ಪುಸ್ತಕ ಮನೆಮನೆಗೆ ಬಂತು, ಜನ ಸಹಿ, ಹೆಬ್ಬೆಟ್ಟು ಒತ್ತಿದರು. ದೊಡ್ಡಮ್ಮನೂ ಒತ್ತಿದ್ದಾರೆ. ನಮ್ಮ ಮನೆ ಮಂಜೂರಾದ ಪಟ್ಟಿಗೆ!

ಆ ಮನೆಯ ದೀಪದಲ್ಲೇ ನಾನು ಎಸ್ಸೆಸ್ಸೆಲ್ಸಿ ಓದಿದ್ದು, ಅಲ್ಲಿಂದಲೇ ಬಿಇಗೆ ಹೋಗಿದ್ದು. ಹಂಚಿಕೆಯ ಅನ್ಯಾಯದ ಬಗ್ಗೆ ಬರೆಯೋ ನಾನು ಅದರ ಫಲಾನುಭವಿ. ಇದನ್ನ ಮುಚ್ಚಿಟ್ಟು ಬರೆದರೆ ಬರೆದದ್ದಕ್ಕೆ ಬೆಲೆ ಇರಲ್ಲ.

ಹಾಗಾಗಿ 'ಹಳೇ ಕಾಲವೇ ಚೆನ್ನಾಗಿತ್ತು' ಅನ್ನೋಕೆ ನನಗೆ ಬಾಯಿಲ್ಲ. ಆದರೆ ದೊಡ್ಡಮ್ಮನ ಕಡೆಯಿಂದ ನೋಡಿದರೆ ಎರಡೂ ಒಂದೇ. ಆಗ ಮೆಂಬರ್ ಕಾರಣ ಹೇಳಲಿಲ್ಲ, ಈಗ ಕಂಪ್ಯೂಟರ್ ಹೇಳಲ್ಲ. ವ್ಯತ್ಯಾಸ ಇಷ್ಟೇ: ಮೆಂಬರನ್ನ ಅರಳಿಕಟ್ಟೆ ಹತ್ತಿರ ಅಡ್ಡ ಹಾಕಿ ಬೈಯಬಹುದಿತ್ತು. ಕಂಪ್ಯೂಟರನ್ನ ಎಲ್ಲಿ ಹಿಡಿಯೋದು?

ಮನೆ ಕಡಿಮೆ, ಅರ್ಜಿ ಜಾಸ್ತಿ. ಬಸವ ವಸತಿಯಾಗಲಿ, ಅಂಬೇಡ್ಕರ್ ನಿವಾಸವಾಗಲಿ, ಪಂಚಾಯ್ತಿಗೆ ಬರೋದು ಲೆಕ್ಕದ ಮನೆ. ಹತ್ತು ಜನಕ್ಕೆ ಸಿಕ್ಕರೆ ನೂರು ಜನಕ್ಕೆ ಸಿಗಲ್ಲ ಅಂತಿಟ್ಟುಕೊಳ್ಳಿ. ಆ ನೂರೂ ಜನ ದೂರುತ್ತಾರೆ. ಅದರಲ್ಲಿ ಹೊಟ್ಟೆಕಿಚ್ಚೂ ಇರುತ್ತೆ, ನ್ಯಾಯವೂ ಇರುತ್ತೆ. ಬೇರೆ ಮಾಡೋದು ಹೇಗೆ? ಕಾರಣ ಬರೆದು ಕೊಟ್ಟರೆ ಮಾತ್ರ.

ತಮಾಷೆ ಅಂದ್ರೆ ಪುಸ್ತಕದಲ್ಲಿ ಇದೆಲ್ಲ ಇದೆ. ಗ್ರಾಮಸಭೆ ಪಟ್ಟಿಯಿಂದ ಹೆಸರು ತೆಗೆದರೆ ಕಾರಣ ದಾಖಲಿಸಬೇಕು, ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಸಮಿತಿ ಇರಬೇಕು ಅಂತ ಯೋಜನೆಯ ಮಾರ್ಗಸೂಚಿಯೇ ಹೇಳುತ್ತೆ. ಆದರೆ ಸೋಸುವಾಗಲೇ ಉದುರಿದವರಿಗೆ ತಾವು ಉದುರಿದ್ದು ಯಾವ ಷರತ್ತಿಗೆ ಅಂತಲೇ ಗೊತ್ತಾಗದಿದ್ದರೆ, ಮೇಲ್ಮನವಿಯಲ್ಲಿ ಏನಂತ ಬರೆಯೋದು? ನನ್ನ ಕೆಲಸದಲ್ಲಿ ಎರರ್ ಮೆಸೇಜ್ ಇಲ್ಲದೆ ಫೇಲ್ ಆಗೋ ಪ್ರೋಗ್ರಾಂ ಬರೆದರೆ ರಿವ್ಯೂನಲ್ಲೇ ವಾಪಸ್ ಬರುತ್ತೆ.

ಸರ್ಕಾರಿ ಕನ್ನಡದಲ್ಲಿ 'ಹಿಂಬರಹ' ಅಂತ ಒಳ್ಳೇ ಪದ ಇದೆ. ಅರ್ಜಿಗೆ ಕಚೇರಿ ಬರೆದು ಕೊಡೋ ಉತ್ತರ. ಮನೆ ಸಿಗದ ಪ್ರತಿಯೊಬ್ಬರಿಗೂ ಒಂದೊಂದು ಹಿಂಬರಹ: ಈ ಷರತ್ತಿಗೆ ಬಿಟ್ಟಿದ್ದೇವೆ, ಅಥವಾ ಪಟ್ಟಿಯಲ್ಲಿದ್ದೀರಿ, ನಿಮ್ಮ ಮುಂದೆ ಇಷ್ಟು ಜನ ಇದ್ದಾರೆ. ಇದಕ್ಕೆ ಹೊಸ ಆ್ಯಪ್ ಬೇಡ. ಡೇಟಾ ಇದೆ, ಪ್ರಿಂಟರ್ ಇದೆ.

ಹೋದ ಸಲ ದೊಡ್ಡಮ್ಮನ ಹೆಸರಲ್ಲಿ ಅರ್ಜಿ ಬರೆದೆ. ಮನೆ ಕೊಡಿ ಅಂತಲ್ಲ, ಹಿಂಬರಹ ಕೊಡಿ ಅಂತ. ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿದರು: "ಇದು ಯಾತಕ್ಕಪ್ಪ?"

ಓದಿ ಹೇಳಿದೆ. ಆಮೇಲೆ ಒತ್ತಿದರು.