ಪಟ್ಟಿಯಲ್ಲಿ ಇಪ್ಪತ್ತೆರಡು, ಫ್ರಿಜ್ಜಿನಲ್ಲಿ ಮೂರು

ಕಳೆದ ಶನಿವಾರ ಸಂಜೆ ಗುರುಗ್ರಾಮದ ಸೈಬರ್ ಹಬ್‌ನಲ್ಲಿ ನನ್ನ ಷಡ್ಡಕ ಊಟ ಕೊಡಿಸಿದ. ಊರೂರಲ್ಲಿ ಶಾಖೆ ಇರುವ ಹೋಟೆಲು, ಹೆಸರು ಬೇಡ. ಗಾರೆ ಕಾಣದ ಇಟ್ಟಿಗೆ ಗೋಡೆ, ತಲೆಯ ಮೇಲೆ ಬೆತ್ತಲೆ ಬಲ್ಬು, ಮೆನುವಿನಲ್ಲಿ ನಾಚೋಸ್‌ನಿಂದ ಹಿಡಿದು ದಾಲ್ ಮಖನಿಯ ತನಕ ಸಕಲವೂ ಇದೆ ಅಂದರೆ ಎಂಥ ಜಾಗ ಅಂತ ನಿಮಗೆ ಗೊತ್ತಾಗಿರುತ್ತದೆ. ವೈನಿನ ಪುಟ ಕಟ್ಟಕಡೆಗಿತ್ತು. ಎಣಿಸಿದೆ, 22 ಹೆಸರು. ಬೆರಳಿಟ್ಟ ಮೊದಲನೆಯದಕ್ಕೆ ಹುಡುಗ "ಸರ್, ವೋ ಅಭೀ ನಹೀಂ ಹೈ" ಎಂದ. ಎರಡನೆಯದಕ್ಕೂ ಅದೇ ಉತ್ತರ. ಮೂರನೆಯದಕ್ಕೆ ಒಳಗೆ ಹೋಗಿ ಕೇಳಿಕೊಂಡು ಬಂದು ತಲೆಯಾಡಿಸಿದ. ಇರುವುದೇನು ಹೇಳಪ್ಪ ಅಂದರೆ, ಮೂರು. ಎರಡು ವೈಟು, ಒಂದು ರೆಡ್ಡು.

"ಸುಮ್ನೆ ಬಿಯರ್ ತಗೊಳ್ರೀ" ಅಂದ ಷಡ್ಡಕ. ಅವನ ಮಟ್ಟಿಗೆ ಅದು ಸರಿಯಾದ ಸಲಹೆಯೇ. ಆದರೆ ಈ ಅಂಕಣ ಓದುವವರಲ್ಲಿ ಪಂಚತಾರಾ ಹೋಟೆಲಿನಲ್ಲಿ ಕೂತು ಸೊಮೆಲಿಯೇ ಕೈಯಿಂದ ಬಾಟಲಿ ತೆಗೆಸುವವರಿಗಿಂತ ಇಂಥ ಸರಪಳಿ ಹೋಟೆಲಿನಲ್ಲಿ ಮಕ್ಕಳು ಮರಿ ಸಮೇತ ಕೂತು ಒಂದು ಗ್ಲಾಸ್ ತರಿಸುವವರೇ ಹೆಚ್ಚು. ಹಾಗಾಗಿ ಈ ಪುಟವನ್ನು ಓದುವುದು ಹೇಗೆ ಅನ್ನುವುದಕ್ಕೆ ಒಂದು ವಾರ ಕೊಡೋಣ.

ಬೆಂಗಳೂರಿನ ದರ್ಶಿನಿಗಳ ಬೋರ್ಡು ನೆನಪಿಸಿಕೊಳ್ಳಿ. ಹನ್ನೊಂದು ಗಂಟೆಗೆ ಹೋದರೆ "ಖಾರಾಬಾತ್ ಖಾಲಿ" ಅನ್ನುತ್ತಾರಲ್ಲ, ಆ ಹೋಟೆಲನ್ನು ನಂಬಬಹುದು. ಮಾಡಿದ್ದು ಮಾರಾಟವಾಗುತ್ತಿದೆ, ನಾಳೆ ಮತ್ತೆ ಬಿಸಿಬಿಸಿ ಮಾಡುತ್ತಾರೆ. ವೈನ್ ಪಟ್ಟಿಯೂ ಅಷ್ಟೆ. ಉದ್ದ ನೋಡಬೇಡಿ, ಓಟ ನೋಡಿ. ಆರೇ ಆರು ಹೆಸರಿದ್ದು ಆರೂ ದಿನಾ ಓಡುತ್ತಿದ್ದರೆ ಅದು ಒಳ್ಳೆಯ ಪಟ್ಟಿ. ಪೆನ್ನಿನಿಂದ ಒಂದು ಹೆಸರಿಗೆ ಅಡ್ಡಗೆರೆ ಎಳೆದಿದ್ದರೆ ನನಗೆ ಇನ್ನೂ ಖುಷಿ. ಯಾರೋ ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದಾರೆ ಅಂತಾಯಿತು. 22 ಹೆಸರಿನ ಲ್ಯಾಮಿನೇಟ್ ಮಾಡಿದ ಹಾಳೆ ಹೇಳುವುದಿಷ್ಟೇ: ಅದು ಮುದ್ರಣವಾದ ದಿನದಿಂದ ಅದನ್ನು ಯಾರೂ ಓದಿಲ್ಲ.

ಇಲ್ಲಿ ಹೋಟೆಲಿನವರ ಪರವಾಗಿಯೂ ಒಂದು ಮಾತು ಹೇಳಬೇಕು. ದೆಹಲಿಗೆ ಸರಪಳಿ ಹೋಟೆಲಿನ ಪಾಠ ಹೇಳಿದವರಲ್ಲಿ ನಮ್ಮವರೂ ಇದ್ದಾರೆ. ಕಾರ್ಕಳದ ಕಡೆಯ ಜಯರಾಮ ಬನಾನ್ 1986ರಲ್ಲಿ ಡಿಫೆನ್ಸ್ ಕಾಲೋನಿಯಲ್ಲಿ ಶುರುಮಾಡಿದ ಸಾಗರ್ ಮುಂದೆ ಸಾಗರ್ ರತ್ನ ಆಗಿ ಊರೆಲ್ಲ ಹಬ್ಬಿತು. ಅಲ್ಲಿ ವೈನಿಲ್ಲ, ಇರುವುದು ಸಾಂಬಾರು. ಆ ಸಾಂಬಾರು ಯಾವ ಶಾಖೆಯಲ್ಲೂ ಒಂದೇ ರುಚಿ ಇರಬೇಕು, ಸರಪಳಿ ಹೋಟೆಲಿನ ಬಂಡವಾಳವೇ ಅದು. ಆದರೆ ವೈನಿನಲ್ಲಿ ಆ ಆಟ ನಡೆಯುವುದಿಲ್ಲ. ಅಬಕಾರಿ ರಾಜ್ಯಗಳ ಕೈಯಲ್ಲಿದೆ. ಒಂದೊಂದು ಲೇಬಲ್ಲನ್ನೂ ಒಂದೊಂದು ರಾಜ್ಯದಲ್ಲಿ ಬೇರೆಯಾಗಿ ನೋಂದಾಯಿಸಿ, ಶುಲ್ಕ ಕಟ್ಟಿ, ಆ ರಾಜ್ಯದ ಸಗಟು ಪರವಾನಗಿದಾರರಿಂದಲೇ ಕೊಳ್ಳಬೇಕು. ರಾಜೀವ್ ಚೌಕದಲ್ಲಿ ಹಳದಿ ಲೈನ್ ಹಿಡಿದರೆ ಹರಿಯಾಣ, ನೀಲಿ ಲೈನ್ ಹಿಡಿದರೆ ಉತ್ತರ ಪ್ರದೇಶ. ಕನಾಟ್ ಪ್ಲೇಸ್, ಸೈಬರ್ ಹಬ್, ನೋಯ್ಡಾ ಸೆಕ್ಟರ್ 18: ಒಂದೇ ಹೆಸರಿನ ಹೋಟೆಲು, ಒಂದೇ ಬಲ್ಬು, ಒಂದೇ ಪಾಸ್ತಾ, ಮೂರು ಅಬಕಾರಿ ಇಲಾಖೆ. ದೆಹಲಿ 2021ರ ನವೆಂಬರ್‌ನಲ್ಲಿ ಹೊಸ ಅಬಕಾರಿ ನೀತಿ ತಂದು 2022ರ ಸೆಪ್ಟೆಂಬರ್‌ನಲ್ಲಿ ಹಳೆಯದಕ್ಕೇ ಮರಳಿತು. ಹತ್ತು ತಿಂಗಳಲ್ಲಿ ಎರಡು ಸಲ ನಿಯಮ ಬದಲಾದ ಊರಿನಲ್ಲಿ ಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸುವುದೇ ಧೈರ್ಯದ ಕೆಲಸ.

ವಯಸ್ಸೂ ಹಾಗೇ. ದೆಹಲಿಯಲ್ಲಿ ಕುಡಿಯಲು 25 ತುಂಬಿರಬೇಕು. ಹರಿಯಾಣ 2021ರಲ್ಲಿ ಕಾನೂನು ತಿದ್ದಿ 25 ಇದ್ದದ್ದನ್ನು 21ಕ್ಕೆ ಇಳಿಸಿತು. ಷಡ್ಡಕನ ಮಗಳಿಗೆ 23. "ದೊಡ್ಡಪ್ಪಾ, ನಾನು ಗುರುಗ್ರಾಮದಲ್ಲಿ ದೊಡ್ಡವಳು, ಕನಾಟ್ ಪ್ಲೇಸಲ್ಲಿ ಮಗು" ಅಂತ ನಗುತ್ತಾಳೆ. ಅಲ್ಲಿ ಅವಳ ಪಾಲಿಗೆ ನಿಂಬು ಸೋಡಾ.

ಈಗ ಗ್ಲಾಸಿಗೆ ಬರೋಣ. ಸರಪಳಿ ಹೋಟೆಲಿನ ವೈನ್ ಪಟ್ಟಿಯ ನಿಜವಾದ ಪರೀಕ್ಷೆ ಬಾಟಲಿಯದ್ದಲ್ಲ, ಗ್ಲಾಸಿನದ್ದು. ಬಾಟಲಿ ಮುಚ್ಚಿರುವ ತನಕ ಅದು ವೈನ್ ಮಾಡಿದವನ ಹೊಣೆ. ತೆಗೆದ ಮೇಲೆ ಹೋಟೆಲಿನ ಹೊಣೆ. ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಹೇಗೋ ನಡೆಯುತ್ತದೆ. ಆಮೇಲೆ ಗಾಳಿ ತನ್ನ ಕೆಲಸ ಮಾಡುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: ಈ ಬಾಟಲಿ ತೆಗೆದದ್ದು ಯಾವಾಗ? ಶನಿವಾರ ಹುಡುಗ "ಕಲ್" ಅಂದ. ಹಿಂದಿಯಲ್ಲಿ ಕಲ್ ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು; ಇಲ್ಲಿ ಇಷ್ಟು ವರ್ಷ ಇದ್ದರೂ ಆ ಪದದ ಮುಂದೆ ನಾನು ಒಂದು ಕ್ಷಣ ನಿಲ್ಲುತ್ತೇನೆ. ಗ್ಲಾಸು ಬಂತು. ಹುಲ್ಲಿನ ಬಣ್ಣ ಇರಬೇಕಾದ ವೈಟ್ ವೈನು ಹಳೆಯ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹಿಡಿದರೆ ಅರ್ಧ ಕಚ್ಚಿ ಮೇಜಿನ ಮೇಲೆ ಮರೆತುಹೋದ ಸೇಬಿನ ವಾಸನೆ. ಆ "ಕಲ್" ಹಿಂದಿನ ಶನಿವಾರದ್ದು ಇದ್ದಿರಬೇಕು. ವಾಪಸು ಕಳಿಸಿದೆ. ಹುಡುಗ ವಾದ ಮಾಡಲಿಲ್ಲ. ಹೊಸ ಬಾಟಲಿಯನ್ನು ಮೇಜಿಗೇ ತಂದು ಮುಚ್ಚಳ ತಿರುಗಿಸಿದ.

ಇದಕ್ಕೆ ಮದ್ದು ದುಬಾರಿಯದ್ದೇನಲ್ಲ. ನೋಯ್ಡಾದ ಒಂದು ಶಾಖೆಯಲ್ಲಿ ಬಾಟಲಿಯ ಕುತ್ತಿಗೆಗೆ ಕಾಗದದ ಟೇಪು ಸುತ್ತಿ ಮಾರ್ಕರಿನಲ್ಲಿ ತಾರೀಖು ಬರೆದದ್ದನ್ನು ನೋಡಿದ್ದೇನೆ. ಅಡುಗೆಮನೆಯಲ್ಲಿ ಸಾಸಿನ ಡಬ್ಬಿಗೆ ತಾರೀಖು ಅಂಟಿಸುವವರು ಅದೇ ಟೇಪನ್ನು ಬಾರಿಗೂ ತಂದಿದ್ದರು, ಅಷ್ಟೆ. ಆ ಅರ್ಧ ಅಡಿ ಟೇಪಿಗೆ ನಾನು ಕೊಟ್ಟ ಅಂಕ ಯಾವ ಫ್ರೆಂಚ್ ಹೆಸರಿಗೂ ಕೊಟ್ಟಿಲ್ಲ.

ಗ್ಲಾಸಿಗೆ ಎಷ್ಟು ಮಿಲಿ ಅಂತ ಬರೆದಿದೆಯೋ ನೋಡಿ. 150 ಆದರೆ 750ರ ಬಾಟಲಿಗೆ ಐದು ಗ್ಲಾಸು, 125 ಆದರೆ ಆರು. ಶನಿವಾರದ ಹೋಟೆಲಿನಲ್ಲಿ 150ಕ್ಕೆ 650 ರೂಪಾಯಿ, ಅಂದರೆ ಐದಕ್ಕೆ 3,250. ಪೂರ್ತಿ ಬಾಟಲಿ 2,900. ಮೂವರು ಕುಡಿಯುವವರಿದ್ದರೆ ಬಾಟಲಿಯೇ ಲೇಸು. ದುಡ್ಡು ಉಳಿಯುವುದಕ್ಕಿಂತ ಮುಖ್ಯ, ಅದು ನಿಮ್ಮ ಕಣ್ಣೆದುರಿಗೇ ತೆರೆಯುತ್ತದೆ.

ರೆಡ್ ವೈನಿನ ಕಥೆ ಬೇರೆ. "ರೂಮ್ ಟೆಂಪರೇಚರ್" ಅನ್ನುವ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲುಮನೆಗಳಲ್ಲಿ. ಆ ರೂಮು 16ರಿಂದ 18 ಡಿಗ್ರಿಯದ್ದು. ಮೇ ತಿಂಗಳಲ್ಲಿ ಹೊರಗೆ 44 ಇರುವ ದೆಹಲಿಯ ರೂಮಲ್ಲ. ಬಾರಿನ ಮೇಲಿನ ಶೆಲ್ಫಿನಲ್ಲಿ, ಕಾಫಿ ಮಿಷಿನ್ನಿನ ಪಕ್ಕದಲ್ಲಿ, ಬಾಟಲಿಗಳನ್ನು ಸಾಲಾಗಿ ಚೆಂದಕ್ಕೆ ನಿಲ್ಲಿಸಿದ್ದಾರೋ? ಹಾಗಿದ್ದರೆ ರೆಡ್ಡಿನ ಆಸೆ ಬಿಡಿ. ಬಿಡಲಾಗದಿದ್ದರೆ ಐಸ್ ಬಕೆಟ್ ತರಿಸಿ ಹತ್ತು ನಿಮಿಷ ಮುಳುಗಿಸಿಡಿ. ಪಕ್ಕದ ಮೇಜಿನವರು ನಗುತ್ತಾರೆ. ನಗಲಿ.

ದೇಶಿಯೋ ವಿದೇಶಿಯೋ? ಸರಪಳಿ ಹೋಟೆಲಿನಲ್ಲಿ ನನ್ನ ಉತ್ತರ ಕಣ್ಣುಮುಚ್ಚಿ ದೇಶಿ. ಹೊರಗಿನ ವೈನಿಗೆ ನಾವು ಬಹುಕಾಲದಿಂದ ಹಾಕಿಕೊಂಡು ಬಂದಿರುವ ಸುಂಕ ಶೇ 150. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಮೇಲೆ 5 ಡಾಲರ್ ದಾಟಿದ ಬಾಟಲಿಗೆ ಅದು 100ಕ್ಕೆ, 15 ಡಾಲರ್ ದಾಟಿದ್ದಕ್ಕೆ 75ಕ್ಕೆ ಇಳಿಯಿತು. 5 ಡಾಲರಿಗಿಂತ ಅಗ್ಗದ್ದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಹಾಗಾಗಿ ಪಟ್ಟಿಯ ತೀರಾ ಅಗ್ಗದ ವಿದೇಶಿ ಬಾಟಲಿಗೆ ನೀವು ಕೊಡುವ ದುಡ್ಡಿನಲ್ಲಿ ದ್ರಾಕ್ಷಿಯ ಪಾಲು ಚಿಟಿಕೆಯಷ್ಟು, ಸರ್ಕಾರದ ಪಾಲು ಬೊಗಸೆಯಷ್ಟು.

ದೇಶಿ ಅಂದೆನಲ್ಲ, ಅಲ್ಲೇ ನನ್ನ ತಕರಾರು ಇರುವುದು. ಆ ಹಾಳೆಯಲ್ಲಿ ಫ್ರಾನ್ಸಿನ ವೈನಿಗೆ ಊರಿನ ಹೆಸರುಂಟು, ಇಟಲಿಯದಕ್ಕೆ ಜಿಲ್ಲೆಯ ಹೆಸರುಂಟು. ನಮ್ಮದಕ್ಕೆ ಮಾತ್ರ ಒಂದೇ ಮಾತು, "ಡೊಮೆಸ್ಟಿಕ್". ಗ್ಯಾಸ್ ಸಿಲಿಂಡರಿಗೆ ಹೇಳುವ ಹಾಗೆ! ಕನ್ವಲ್ ಗ್ರೋವರ್ ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, 1980ರ ದಶಕದಲ್ಲಿ ಫ್ರೆಂಚ್ ತಳಿಯ ಬಳ್ಳಿ ನೆಟ್ಟು 1992ರಲ್ಲಿ ಮೊದಲ ವೈನ್ ತಂದರು. ಅವರಿಗೆ ಸಲಹೆಗಾರರಾಗಿ ಬಂದದ್ದು ಬೋರ್ಡೋದ ಮಿಶೆಲ್ ರೋಲಾನ್. ಕೊಪ್ಪಳ ಜಿಲ್ಲೆಯ ಗುಡ್ಡಗಳಲ್ಲಿ ಕೃಷ್ಮಾದವರು, ಸೊಲ್ಲಾಪುರದ ಅಕಲೂಜಿನಲ್ಲಿ ಫ್ರಾಟೆಲ್ಲಿ, ನಾಸಿಕದಲ್ಲಿ ಸುಲಾ. ದೊಡ್ಡಬಳ್ಳಾಪುರದ ಕೆಂಪು ಮಣ್ಣಿಗೂ ನಾಸಿಕದ ಕಪ್ಪು ಮಣ್ಣಿಗೂ ವ್ಯತ್ಯಾಸವೇ ಇಲ್ಲವೇ? ಊರ ಹೆಸರು ಬರೆಯಲು ಇನ್ನೊಂದು ಸಾಲು ಸಾಕಿತ್ತು. ಯಾವ ವರ್ಷದ್ದು ಎಂದು ಬರೆಯಲು ನಾಲ್ಕೇ ಅಂಕಿ. ನಮ್ಮ ಬಹುತೇಕ ವೈಟ್ ವೈನುಗಳು ಎರಡು ವರ್ಷದೊಳಗೆ ಕುಡಿದರೇ ಚೆಂದ, ಹಾಗಾಗಿ ಆ ನಾಲ್ಕು ಅಂಕಿ ಅಲಂಕಾರಕ್ಕಲ್ಲ.

ಮೇಜಿನ ಮೇಲೇನಿದೆ ಅನ್ನುವುದನ್ನೂ ಪಟ್ಟಿ ಬರೆದವರು ನೋಡಿರಬೇಕು. ಇಂಥ ಕಡೆ ಬರುವುದು ಚಿಲ್ಲಿ ಪನೀರ್, ಚಿಕನ್ 65, ಪೆರಿ ಪೆರಿ ಹಾಕಿದ ಇನ್ನೇನೋ. ಆಲ್ಕೋಹಾಲು ನಾಲಿಗೆಯಲ್ಲಿ ಉರಿ ಎಬ್ಬಿಸುವುದು ಮೆಣಸಿನಕಾಯಿ ಎಬ್ಬಿಸುವ ಜಾಗದಲ್ಲೇ. ಅದಕ್ಕೆ ಒಗರಿನ, 14 ಶೇಕಡಾದ ಕ್ಯಾಬರ್ನೆ ಸುರಿದರೆ ಬೆಂಕಿಗೆ ತುಪ್ಪ. ಬೇಕಾದದ್ದು ತುಸು ಸಿಹಿ ಉಳಿಸಿಕೊಂಡ, ಹಗುರಾದ, ಚೆನ್ನಾಗಿ ತಣಿದ ಶೆನಿನ್ ಬ್ಲಾಂಕ್. ನಾಸಿಕದ್ದು ಬೇಕಾದಷ್ಟು ಸಿಗುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಶನಿವಾರದ 22ರಲ್ಲಿ 13 ರೆಡ್ಡುಗಳಿದ್ದವು. ಬರೆದವರು ಅಡುಗೆಯವರನ್ನು ಒಂದು ಮಾತೂ ಕೇಳಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬಿಲ್ಲಿನ ಬಗ್ಗೆ ಎರಡೇ ಮಾತು. ಮದ್ಯ ಜಿಎಸ್‌ಟಿಯ ಹೊರಗಿದೆ, ಅದರ ಮೇಲೆ ಬೀಳುವುದು ರಾಜ್ಯದ ವ್ಯಾಟ್. ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದರೆ ತಿದ್ದಿಸಿ. ಸರ್ವಿಸ್ ಚಾರ್ಜನ್ನು ಕಡ್ಡಾಯ ಮಾಡುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ.

ಶನಿವಾರದ ಆ ಹೋಟೆಲಿಗೆ ಹತ್ತಕ್ಕೆ ನಾಲ್ಕು. ಮೇಜಿನ ಮುಂದೆ ತೆರೆದ ಹೊಸ ಶೆನಿನ್‌ಗೆ ಎರಡು. ವಾಪಸು ಕಳಿಸಿದ್ದನ್ನು ಮುಖ ಗಂಟಿಕ್ಕದೆ ತೆಗೆದುಕೊಂಡು ಹೋದ ಹುಡುಗನಿಗೆ ಎರಡು. ಪಟ್ಟಿಗೆ ಸೊನ್ನೆ.